ಗಾಳಿಸಿದ ನೀರು

“ಗುರುಗಳ, ಚಾತುರ್ಮಾಸಕ್ಕ ಇನ್ನ ಎಂಟ ದಿನ ಉಳದಾವು. ಮನಿಯಿಂದ ಏನೇನು ಹೊರಗ ಹಾಕಬೇಕು, ಹೇಳ್ರಿ. ಬರಕೋತೀನಿ,” ಎಂದು ನೇಮಣ್ಣ ಕೇಳಿದ.

ನೇಮಣ್ಣನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ವರ್ಷದ ಎಂಟು ತಿಂಗಳು ಬಸದಿಯ ಕಡೆ ತಲೆ ಹಾಕದಿದ್ದರೂ ಮಳೆಗಾಲದ ನಾಲ್ಕು ತಿಂಗಳು ಅವನಷ್ಟು ಕಟ್ಟುನಿಟ್ಟಾದ ಶ್ರಾವಕ ಆ ಊರಿನ ಜೈನರಲ್ಲಿ ಇನ್ನೊಬ್ಬ ಇರಲಿಲ್ಲ. ಗುರುಗಳು ಆ ವರ್ಷದ ಮಳೆಗಾಲವನ್ನು ಒಂದೇ ಕಡೆ ಕಳೆಯಲೆಂದು ಹಿಂದಿನ ದಿನವಷ್ಟೇ ನಡೆದು ಬಂದು ಆ ಬಸದಿಯಲ್ಲಿ ತಂಗಿದ್ದರು. ಅವರ ಕಾಲಿನ ಬಾವು ಇನ್ನೂ ಇಳಿದಿರಲಿಲ್ಲ.

“ಈವರೆಗೆ ಎಷ್ಟು ಬರೆದುಕೊಂಡಿದ್ದೀಯೆ?” ಎಂದು ಗುರುಗಳು ಕೇಳಿದರು.

ನೇಮಣ್ಣ ಚೀಟಿ ಬಿಡಿಸಿ ಓದಿದ. ಗಡ್ಡೆ ಗೆಣಸು, ಉಳ್ಳಾಗಡ್ಡಿ, ಬಳ್ಳೊಳ್ಳಿ, ತೊಪ್ಪಲು ಪಲ್ಲೆ, ಬದನೆಕಾಯಿ, ಹಳೆಯ ಉಪ್ಪಿನಕಾಯಿ, ಮೂರು ದಿನ ದಾಟಿದ ಹಿಟ್ಟು, ಹುಳ ಹಿಡಿದ ಸೌದೆ, ಚಹಾ, ಇಸ್ಪೀಟು. ಹೀಗೆ ಓದುತ್ತ ಹೋಗಿ ಹದಿನೇಳಕ್ಕೆ ನಿಂತ.

“ಹದಿನೇಳಕ್ಕೆ ನಿಲ್ಲಿಸಿದ್ದೀಯಲ್ಲ, ಪುಣ್ಯವಂತ. ಒಬ್ಬ ವ್ಯಾಪಾರಿ ಹದಿನೆಂಟನೆಯದನ್ನು ಹುಡುಕಲು ಹೋಗಿ ಸಿಕ್ಕಿಬಿದ್ದ. ಅವನ ಕತೆ ಹೇಳುತ್ತೇನೆ, ಕೂತುಕೊ,” ಎಂದು ಗುರುಗಳು ಶುರು ಮಾಡಿದರು.

ಆ ವ್ಯಾಪಾರಿಯದು ಕಾಳಿನ ಅಂಗಡಿ. ಮನೆಯಲ್ಲಿ ಅವನು, ಅವನ ಹೆಂಡತಿ, ಅವನ ಅಕ್ಕ. ಮಕ್ಕಳಿರಲಿಲ್ಲ. ಅಕ್ಕ ಅವನಿಗಿಂತ ಹದಿಮೂರು ವರ್ಷಕ್ಕೆ ದೊಡ್ಡವಳು. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡದ್ದರಿಂದ ಅವಳು ತವರಿಗೆ ಮರಳಿದಳು. ಆಗ ತಮ್ಮನಿಗೆ ನಾಲ್ಕು ವರ್ಷ, ತಾಯಿ ಹಾಸಿಗೆ ಹಿಡಿದಿದ್ದಳು. ಅವನಿಗೆ ಕೈತುತ್ತು ಹಾಕಿದ್ದು, ಣಮೋಕಾರ ಮಂತ್ರ ಬಾಯಿಪಾಠ ಮಾಡಿಸಿದ್ದು, ತಂದೆಯ ಅಂಗಡಿಯಲ್ಲಿ ಕೂರುವಷ್ಟು ದೊಡ್ಡವನನ್ನಾಗಿ ಮಾಡಿದ್ದು ಎಲ್ಲ ಅವಳೇ. ಅದನ್ನು ಅವನು ಮರೆತವನಲ್ಲ. ಯಾರು ಕೇಳಿದರೂ ಅಕ್ಕ ನನಗೆ ತಾಯಿಯ ಸಮಾನ ಎಂದು ಹೇಳುತ್ತಿದ್ದ. ಹೇಳುವುದಕ್ಕೆ ಶ್ರಮವೇನೂ ಇಲ್ಲವಲ್ಲ.

ಮನೆಯಲ್ಲಿ ಅಕ್ಕನ ಪಾಲಿನ ಕೆಲಸ ನೀರಿನದು. ನೀರು ಗಾಳಿಸಿ ಕುಡಿಯುವುದು ನಿಮ್ಮ ಮನೆಯಲ್ಲೂ ಇದೆ, ನೇಮಣ್ಣ, ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನೀನು ನಲ್ಲಿಯ ಕಾಲದವನು. ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆ ಮಾಡಿದ ದಪ್ಪ ಬಟ್ಟೆಯಲ್ಲಿ ಸೋಸಬೇಕು. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಕಣ್ಣಿಗೆ ಕಾಣುವ, ಕಾಣದ ಸಣ್ಣ ಜೀವಗಳು ಆ ಬಟ್ಟೆಯಲ್ಲಿ ಉಳಿಯುತ್ತವೆ. ಬಟ್ಟೆಯನ್ನು ಮಗುಚಿ, ಗಾಳಿಸಿದ ನೀರನ್ನೇ ಅದರ ಮೇಲೆ ಹೊಯ್ದು, ಆ ಜೀವಗಳನ್ನು ಒಂದು ತಂಬಿಗೆಯಲ್ಲಿ ಹಿಡಿದು, ಮರಳಿ ಬಾವಿಗೆ ಬಿಡಬೇಕು. ಅದೇ ಬಾವಿಗೆ ಬಿಡಬೇಕು, ಬೇರೆ ಬಾವಿ ನಡೆಯುವುದಿಲ್ಲ. ಒಂದು ನೀರಿನಲ್ಲಿ ಹುಟ್ಟಿದ್ದಕ್ಕೆ ಇನ್ನೊಂದು ನೀರು ಒಗ್ಗುತ್ತದೆಂಬ ಭರವಸೆ ಯಾರಿಗೂ ಇಲ್ಲ. ಕಟ್ಟೆಯ ಮೇಲಿಂದ ಸುರಿಯುವಂತೆಯೂ ಇಲ್ಲ. ಅಷ್ಟು ಎತ್ತರದಿಂದ ಬಿದ್ದರೆ ಆ ಬಡ ಜೀವಗಳು ಉಳಿಯುವುದೆಲ್ಲಿ ಬಂತು.

ಅದಕ್ಕೆಂದೇ ಆ ಮನೆಯಲ್ಲಿ ಒಂದು ತಾಮ್ರದ ತಂಬಿಗೆ ಇತ್ತು. ಅದರ ಕೊರಳಿಗೆ ಒಂದು ಹಗ್ಗ, ತಳದಲ್ಲಿ ಒಂದು ಬಳೆ, ಆ ಬಳೆಗೆ ಇನ್ನೊಂದು ಸಣ್ಣ ಹಗ್ಗ. ತಂಬಿಗೆಯನ್ನು ನೆಟ್ಟಗೆ ಇಳಿಸುತ್ತ ಹೋಗಿ, ಅದು ನೀರನ್ನು ಮುಟ್ಟಿತೆಂದು ಗೊತ್ತಾದ ಮೇಲೆ ಕೊರಳಿನ ಹಗ್ಗವನ್ನು ಸಡಿಲ ಬಿಟ್ಟು ತಳದ ಹಗ್ಗವನ್ನು ಎಳೆದರೆ, ತಂಬಿಗೆ ಬಾಗಿ ಒಳಗಿದ್ದದ್ದು ಮೆಲ್ಲಗೆ ನೀರಿಗೆ ಜಾರುತ್ತದೆ. ಅಕ್ಕ ಇದನ್ನು ದಿನಕ್ಕೆ ಎರಡು ಸಲ ಮಾಡುತ್ತಿದ್ದಳು. ನಲವತ್ತಕ್ಕೂ ಹೆಚ್ಚು ವರ್ಷ ಮಾಡಿದಳು. ಮನೆಯವರು ಅವಳು ನೀರು ತರುವುದನ್ನು ನೋಡುತ್ತಿದ್ದರು, ಬಿಡುವುದನ್ನು ಯಾರೂ ನೋಡುತ್ತಿರಲಿಲ್ಲ.

ಆ ವರ್ಷ ವ್ಯಾಪಾರಿಗೆ ಐವತ್ತು ತುಂಬಿತು. ಈ ಸಲದ ಚಾತುರ್ಮಾಸವನ್ನು ಒಂದು ಕೂದಲೆಳೆಯಷ್ಟೂ ದೋಷವಿಲ್ಲದೆ ಪಾಲಿಸಬೇಕೆಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ಒಳ್ಳೆಯದೇ. ಜ್ಯೇಷ್ಠ ಮಾಸದಿಂದಲೇ ತಯಾರಿ ಹಿಡಿದ. ಮನೆಗೆಲ್ಲ ಸುಣ್ಣ ಬಳಿಸಿದ. ಗೋಡೆಯ ಸಂದುಗಳಿಗೆ ಗಾರೆ ಹಾಕಿಸಿದ, ಇರುವೆ ಗೂಡು ಕಟ್ಟಬಾರದು, ಆಮೇಲೆ ಅದನ್ನು ಕೆಡವುವ ಪಾಪ ಬರಬಾರದು ಎಂದು. ಕೌದಿಗಳನ್ನು ಹಳ್ಳಕ್ಕೆ ಹೊರಿಸಿ ಒಗೆಸಿ ಬಂಡೆಯ ಮೇಲೆ ಒಣಗಿಸಿದ. ನಾಲ್ಕು ತಿಂಗಳಿಗೆ ಬೇಕಾದ ಕಾಳುಗಳನ್ನು ಬಿಸಿಲಿಗೆ ಹಾಕಿ, ಕೇರಿ, ಹರಳೆಣ್ಣೆ ಸವರಿ ಡಬ್ಬಿ ತುಂಬಿಸಿದ. ಸೌದೆಯನ್ನು ಒಂದೊಂದಾಗಿ ತಟ್ಟಿ ನೋಡಿದ. ಉಪ್ಪಿನಕಾಯಿಯ ಭರಣಿಗಳನ್ನು ತೊಳೆಸಿ ಬೋರಲು ಹಾಕಿಸಿದ. ಮೂವತ್ತು ವರ್ಷದಿಂದ ಮೂಗಿಗೆ ಅಂಟಿಕೊಂಡಿದ್ದ ನಸ್ಯವನ್ನೂ ಬಿಟ್ಟ. ಮೂರು ದಿನ ಸೀನುತ್ತ, ಕಂಡಕಂಡವರ ಮೇಲೆ ಹರಿಹಾಯುತ್ತ ಇದ್ದು ನಾಲ್ಕನೆಯ ದಿನಕ್ಕೆ ಸರಿಹೋದ. ಆಮೇಲೆ ಹರಿಹಾಯುವುದನ್ನೂ ಬಿಟ್ಟ. ಅವನ ಹೆಂಡತಿಗೆ ಅದೇ ದೊಡ್ಡ ಹಬ್ಬ.

ಎಲ್ಲ ಆಯಿತು. ಇನ್ನು ಹತ್ತು ದಿನ ಇತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಕೂತು, ಇಷ್ಟೆಲ್ಲ ಮಾಡಿದ ಮೇಲೂ ನನ್ನ ವ್ರತಕ್ಕೆ ಭಂಗ ಬರುವುದಾದರೆ ಎಲ್ಲಿಂದ ಬಂದೀತು ಎಂದು ಯೋಚಿಸಿದ. ಅಡುಗೆಮನೆ ಸರಿಯಿದೆ. ಅಂಗಡಿ ಸರಿಯಿದೆ. ಹೆಂಡತಿ ಹೇಳಿದಂತೆ ಕೇಳುತ್ತಾಳೆ. ಹೀಗೆ ಒಂದೊಂದನ್ನೇ ದಾಟಿ ಬಂದು ಅವನ ಯೋಚನೆ ಅಕ್ಕನ ಹತ್ತಿರ ನಿಂತಿತು.

ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು. ಕಳೆದ ತಿಂಗಳು ಅವಳು ಜರಡಿ ಹಿಡಿದ ಹಿಟ್ಟಿನಲ್ಲಿ ಒಂದು ಇರುವೆ ಕಂಡಿತ್ತು. ಬಾವಿಯ ಕಟ್ಟೆಯಲ್ಲಿ ಕೂತಳೆಂದರೆ ಅವಳಿಗೆ ಹೊತ್ತಿನ ಪರಿವೆಯೇ ಇರುತ್ತಿರಲಿಲ್ಲ. ನೀರು ತಡವಾಗಿ ಅಡುಗೆ ತಡ, ಸಂಜೆಯ ಊಟ ಸೂರ್ಯಾಸ್ತಕ್ಕೆ ಬಂದು ತಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡದೆಂದರೆ ಅವಳ ದಮ್ಮು. ಮಳೆ ಬಿದ್ದರೆ ಸಾಕು, ಹೊತ್ತು ಮುಳುಗಿದ ಮೇಲೆ ಕೆಮ್ಮು ಏರಿ, ಎರಡು ಗುಟುಕು ಬಿಸಿನೀರು ಕುಡಿಯದೆ ಉಸಿರು ಕೆಳಗಿಳಿಯುತ್ತಿರಲಿಲ್ಲ. ಈ ಸಲ ಸೂರ್ಯಾಸ್ತದ ಮೇಲೆ ಆ ಮನೆಯಲ್ಲಿ ಯಾರೂ ಹನಿ ನೀರನ್ನೂ ಮುಟ್ಟಬಾರದೆಂದು ಅವನು ನಿಶ್ಚಯಿಸಿದ್ದ. ರೋಗಿಗಳಿಗೆ ವಿನಾಯಿತಿ ಇದೆಯೆಂದು ಅವನಿಗೆ ಗೊತ್ತಿತ್ತು. ಆದರೆ ವಿನಾಯಿತಿ ಇರುವ ವ್ರತ ಅವನಿಗೆ ಬೇಕಿರಲಿಲ್ಲ.

ಮರುದಿನ ಅಕ್ಕನನ್ನು ಕರೆದು, ಅವಳಿಗೇ ಉಪಕಾರ ಮಾಡುವವನ ಹಾಗೆ ಹೇಳಿದ:

“ಅಕ್ಕಾ, ಈ ಮಳಿಗಾಲ ನಿನ್ನ ಮೈದುನನ ಮಗನ ಮನ್ಯಾಗ ಆರಾಮ ಇದ್ದ ಬಾ. ಇಲ್ಲಿ ವ್ರತಾ ಭಾಳ ಬಿಗಿ ಐತಿ. ನಿನಗ ಸುಮ್ಮನ ತ್ರಾಸ.”

ಮೈದುನನ ಮಗ ಇದ್ದದ್ದು ಹಳ್ಳದ ಆಚೆ, ಒಂದು ಹರದಾರಿ ದೂರದ ಊರಲ್ಲಿ. ಅಕ್ಕ ಮದುವೆಯಾಗಿ ಹೋಗಿದ್ದ ಊರು ಅದು. ಅಲ್ಲಿ ಅವಳು ಒಂದೇ ವರ್ಷ ಬಾಳಿದ್ದಳು. ಅವಳು ಕೇಳಿದ್ದು ಒಂದೇ ಮಾತು:

“ಇಲ್ಲಿ ನೀರ ಯಾರು ಗಾಳಸತಾರ?”

“ಇಕಿ ಅದಾಳಲ್ಲ.”

“ಆತು ಬಿಡು,” ಎಂದಳು ಅಕ್ಕ.

ಅಂದು ಇಡೀ ದಿನ ಅವಳು ತಮ್ಮನ ಹೆಂಡತಿಯನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿಕೊಂಡು ತಾಮ್ರದ ತಂಬಿಗೆಯನ್ನು ಇಳಿಸುವುದು, ಬಗ್ಗಿಸುವುದು, ಎತ್ತುವುದು ಎಲ್ಲವನ್ನೂ ತೋರಿಸಿದಳು. ಮಾರನೆಯ ಬೆಳಿಗ್ಗೆ ಎರಡು ಸೀರೆ, ಒಂದು ಜಪಮಾಲೆ, ತನ್ನ ಒಂದು ಗಾಳಿಸುವ ಬಟ್ಟೆ ಗಂಟು ಕಟ್ಟಿಕೊಂಡು ಗಾಡಿ ಹತ್ತಿದಳು. ಹಳ್ಳದಲ್ಲಿ ಇನ್ನೂ ನೀರು ಬಂದಿರಲಿಲ್ಲ. ಗಾಡಿ ಮರಳಿನ ಮೇಲೆ ಸಲೀಸಾಗಿ ದಾಟಿ ಹೋಯಿತು. ವ್ಯಾಪಾರಿ ಮನೆಗೆ ಬಂದು ಅಕ್ಕ ಮಲಗುತ್ತಿದ್ದ ಕೋಣೆಗೂ ಸುಣ್ಣ ಬಳಿಸಿದ. ಈಗ ಮನೆ ಪೂರ್ತಿ ಶುದ್ಧವಾಯಿತೆಂದು ಅವನಿಗೆ ಸಮಾಧಾನವಾಯಿತು.

ಆಷಾಢದ ಚತುರ್ದಶಿಯಂದು ಊರಿನ ಬಸದಿಯಲ್ಲಿದ್ದ ಮುನಿಗಳ ಮುಂದೆ ನಿಂತು ವ್ರತ ಹಿಡಿದ. ಊಟದ ನಿಯಮ ಹೇಳಿದ, ರಾತ್ರಿಯ ನಿಯಮ ಹೇಳಿದ. ಓಡಾಟ ಹೆಚ್ಚಿದರೆ ಹಿಂಸೆ ಹೆಚ್ಚುತ್ತದೆ ಎಂಬ ಕಾರಣಕ್ಕೆ ಕಾರ್ತೀಕದ ಹುಣ್ಣಿಮೆಯವರೆಗೆ ಊರ ಹಳ್ಳವನ್ನು ದಾಟುವುದಿಲ್ಲ ಎಂಬುದನ್ನೂ ಸೇರಿಸಿದ. ಮುನಿಗಳು ಆಗಲಿ ಎಂದರು.

ಒಂದು ತಿಂಗಳು ಎಲ್ಲವೂ ನೂಲು ಹಿಡಿದ ಹಾಗೆ ನಡೆಯಿತು. ನೀರು ಹೊತ್ತು ಮೂಡುವ ಮೊದಲೇ ಒಳಗೆ ಬರುತ್ತಿತ್ತು. ಮಧ್ಯಾಹ್ನದ ಊಟ ವೇಳೆಗೆ ಸರಿಯಾಗಿ, ಸಂಜೆಯ ಊಟ ಇನ್ನೂ ಬಿಸಿಲಿರುವಾಗಲೇ. ಬಸದಿಗೆ ಬರುವವರೆಲ್ಲ ವ್ರತವೆಂದರೆ ಅವರ ಮನೆಯಲ್ಲಿ ನೋಡಬೇಕು ಎನ್ನತೊಡಗಿದರು. ವ್ಯಾಪಾರಿ ಅದನ್ನು ಕೇಳಿಯೂ ಕೇಳದಂತೆ ಇರುತ್ತಿದ್ದ. ಹೊಗಳಿಕೆಗೆ ಹಿಗ್ಗಬಾರದೆಂಬುದೂ ಅವನ ನಿಯಮಗಳಲ್ಲಿ ಒಂದಾಗಿತ್ತು. ಆದರೆ ಒಳಗೊಳಗೆ ಹಿಗ್ಗುತ್ತಿದ್ದ. ಆ ವರ್ಷ ಮಳೆಯೂ ಜೋರಾಗಿ ಬಂದು ಹಳ್ಳ ತುಂಬಿ ಹರಿಯಿತು.

ಶ್ರಾವಣದ ಒಂದು ಅಷ್ಟಮಿ. ಅವನಿಗೆ ಉಪವಾಸ. ಅಂಗಡಿಗೆ ಹೋಗಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಜಪಕ್ಕೆಂದು ಕೂತಿದ್ದ. ಹೆಂಡತಿ ಬಂದು ನೀರು ಸೇದಿದಳು, ಗಾಳಿಸಿದಳು. ಆಮೇಲೆ ಬಟ್ಟೆಯನ್ನು ಒಗೆಯುವ ಕಲ್ಲಿನ ಮೇಲೆ ಒಂದು ಸಲ ಜಾಡಿಸಿ, ಹಿಂಡಿ, ತಂತಿಗೆ ಹಾಕಿದಳು. ಎಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯಿತು.

“ಉಳದದ್ದನ್ನ ಬಾವಿಗಿ ಬಿಡೂದಿಲ್ಲೇನು?” ಎಂದು ಅವನು ಕೇಳಿದ.

“ಹಗ್ಗ ಇಳಸೂದು, ಎಳಿಯೂದು, ಅದಕ್ಕ ಯಾರಿಗೆ ಹೊತ್ತೈತ್ರಿ? ಊಟಕ್ಕ ತಡಾ ಆಗಬಾರದು ಅಂತ ನೀವ ಅಂದಿದ್ರಿ.”

“ಎಷ್ಟ ದಿನದಿಂದ ಹಿಂಗ?”

“ಅಕ್ಕಾರು ಹೋದ ಎರಡನೇ ದಿನದಿಂದ,” ಎಂದು ಅವಳು ಅಂಜುತ್ತಲೇ ಹೇಳಿದಳು.

ವ್ಯಾಪಾರಿ ಎದ್ದು ಹೋಗಿ ಆ ಕಲ್ಲನ್ನು ನೋಡಿದ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ಒದ್ದೆ ಕಲ್ಲು ಅಷ್ಟೆ. ಆದರೆ ಒಂದು ತಿಂಗಳು ಅವನು ಕುಡಿದ ಒಂದೊಂದು ಲೋಟ ತಿಳಿನೀರಿಗೂ ಆ ಕಲ್ಲಿನ ಮೇಲೆ ಲೆಕ್ಕವಿಲ್ಲದಷ್ಟು ಜೀವ ಹೋಗಿತ್ತು. ಲೋಟದಲ್ಲಿ ನೋಡಿದರೆ ಯಾವ ವ್ಯತ್ಯಾಸವೂ ತಿಳಿಯುವಂತಿರಲಿಲ್ಲ. ಅಕ್ಕ ಗಾಳಿಸಿದ ನೀರೂ ಹಾಗೆಯೇ ತಿಳಿಯಾಗಿತ್ತು, ಇದೂ ಹಾಗೆಯೇ ತಿಳಿಯಾಗಿತ್ತು. ಹೆಂಡತಿಯನ್ನು ಬೈಯಲು ಅವನಿಗೆ ಬಾಯಿ ಬರಲಿಲ್ಲ, ಅವಳು ಅವನ ಮಾತನ್ನೇ ನಡೆಸಿದ್ದಳು.

ಮರುದಿನದಿಂದ ನೀರಿನ ಕೆಲಸವನ್ನು ತಾನೇ ವಹಿಸಿಕೊಂಡ. ಮೊದಲ ದಿನ ತಂಬಿಗೆ ನಡುದಾರಿಯಲ್ಲೇ ಬಾಗಿ ಎಲ್ಲ ಚೆಲ್ಲಿತು. ಎರಡನೆಯ ದಿನ ಹಗ್ಗಗಳು ಹೊಸೆದುಕೊಂಡವು. ಕೈಗೆ ಬೊಬ್ಬೆ ಬಂದಿತು. ಐದಾರು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ತಂಬಿಗೆ ನೀರನ್ನು ಮುಟ್ಟಿದ್ದು ಬೆರಳಿಗೆ ತಿಳಿಯಿತು, ಅದು ಬಾಗಿ ಖಾಲಿಯಾದದ್ದೂ ತಿಳಿಯಿತು. ಅಷ್ಟು ಹೊತ್ತಿಗೆ ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಅಕ್ಕ ಬಾವಿಯ ಹತ್ತಿರ ಅಷ್ಟು ಹೊತ್ತು ಏನು ಮಾಡುತ್ತಿದ್ದಳು ಎಂಬುದು ಐವತ್ತನೆಯ ವಯಸ್ಸಿನಲ್ಲಿ ಅವನಿಗೆ ಗೊತ್ತಾಯಿತು. ಸೋಸುವುದಕ್ಕೆ ಹಿಡಿಯುವ ಹೊತ್ತು ಸ್ವಲ್ಪ. ಸೋಸಿ ತೆಗೆದದ್ದನ್ನು ಅದರ ಜಾಗಕ್ಕೆ ಮುಟ್ಟಿಸುವುದಕ್ಕೇ ಹೊತ್ತು ಬೇಕು.

ಹಗ್ಗ ಸುತ್ತಿಡುತ್ತಿದ್ದಾಗ ಅವನಿಗೆ ಅಕ್ಕನ ನೆನಪಾಯಿತು. ತಾನು ನಾಲ್ಕು ವರ್ಷದವನಿದ್ದಾಗಿನಿಂದ ಅವಳು ಈ ಮನೆಯಲ್ಲೇ ಇದ್ದಳು, ಈ ಬಾವಿಯ ನೀರನ್ನೇ ಕುಡಿದಳು. ಅಂಥವಳನ್ನು ಮನೆಯಿಂದ ಸೋಸಿ ತೆಗೆದು ಪರಿಚಯವಿಲ್ಲದ ನೀರಿಗೆ ಬಿಟ್ಟು ಬಂದೆ ಎಂದು ಅವನಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು.

ನೇಮಣ್ಣ, ಆಗಲೇ ಅವನು ಹೊರಟುಬಿಟ್ಟಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಹೊರಡಲಿಲ್ಲ. ಹಳ್ಳ ದಾಟುವುದಿಲ್ಲವೆಂದು ವ್ರತ ಹಿಡಿದಿದ್ದನಲ್ಲ. ಕಾರ್ತೀಕ ಮುಗಿಯಲಿ, ಮರುದಿನ ಬೆಳಿಗ್ಗೆಯೇ ಹೋಗಿ ಕರೆದುತರುತ್ತೇನೆ ಎಂದುಕೊಂಡ. ಹಳ್ಳದ ನೀರು ಇಳಿದ ಒಂದು ದಿನ ಆಳಿನ ಕೈಯಲ್ಲಿ ಬಾ‌ಳೆಹಣ್ಣು, ಹೆಸರಿನ ಉಂಡೆ, ಒಂದು ಹೊಸ ಶಾಲು ಕಳಿಸಿದ. ತಪ್ಪು ತಿಳಿದ ಮೇಲೂ ತಿದ್ದುವುದಕ್ಕೆ ಮುಹೂರ್ತ ನೋಡುವವರು ಬಹಳ ಜನ. ಅವನೂ ಅವರಲ್ಲೊಬ್ಬ.

ಭಾದ್ರಪದದ ನಡುವಿನಲ್ಲಿ ಒಂದು ಬೆಳಿಗ್ಗೆ ಅಕ್ಕನ ಮೈದುನನ ಮಗ ಎದೆಮಟ್ಟದ ಹಳ್ಳವನ್ನು ದಾಟಿ ಒದ್ದೆ ಬಟ್ಟೆಯಲ್ಲೇ ಬಂದ. ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಹೇಳಿದ:

“ದೊಡ್ಡವ್ವ ಬಿದ್ದಾಳ್ರಿ. ನಾವು ಕುಡಿಯೂದು ಕೆರಿ ನೀರು. ಅಕಿ ತನ್ನ ತಂಬಿಗಿ ನೀರ ತಾನ ಗಾಳಸತಿದ್ಲು. ಉಳದದ್ದನ್ನ ಮತ್ತ ಕೆರಿಗೇ ಒಯ್ದ ಬಿಡತಿದ್ಲು. ಬ್ಯಾಡ ಅಂದ್ರ ಕೇಳಲಿಲ್ಲ. ಕಣ್ಣ ಬ್ಯಾರೆ ಕಾಣೂದಿಲ್ಲ. ಮೆಟ್ಟಲದ ಮ್ಯಾಲ ಜಾರಿ ಸೊಂಟಾ ಮುರದೈತಿ. ಎರಡ ದಿನದಿಂದ ಜ್ವರಾ. ಗಂಜಿ ಇಳಿವಲ್ದು. ಕಣ್ಣ ಮುಚ್ಚಿದ್ರ ನಮ್ಮ ಬಾವಿ, ನಮ್ಮ ಬಾವಿ ಅಂತಾಳ.”

ವೈದ್ಯರು ಏನೆಂದರು ಎಂದು ವ್ಯಾಪಾರಿ ಕೇಳಿದ. ಮನೆಯಲ್ಲಿ, ತನ್ನವರ ನಡುವೆ ಇದ್ದರೆ ಚೇತರಿಸಿಕೊಳ್ಳಬಹುದು, ಇಲ್ಲಿದ್ದರೆ ಹೇಳಲಾಗದು ಎಂದಿದ್ದರಂತೆ.

ವ್ಯಾಪಾರಿ ಅಂಗಡಿ ಮುಚ್ಚಿದ. ನಾಲ್ಕು ಜನ ಗಟ್ಟಿ ಆಳುಗಳನ್ನು ಕರೆಸಿದ, ಒಂದು ಹೊರಸಿಗೆ ಮೆತ್ತನೆಯ ಹಾಸಿಗೆ ಕಟ್ಟಿಸಿದ. ಎಲ್ಲರೂ ಹಳ್ಳದ ದಂಡೆಗೆ ಬಂದರು. ಸುದ್ದಿ ತಿಳಿದು ಬಸದಿಯ ಹಿರಿಯರೂ ನಾಲ್ಕೈದು ಜನ ಬಂದರು. ಅವನು ದಂಡೆಯಲ್ಲೇ ನಿಂತು ಆಳುಗಳನ್ನು ಕಳಿಸುವುದೆಂದು ಮಾತಾಯಿತು. ಅಕ್ಕನೂ ಬಂದಂತಾಯಿತು, ವ್ರತವೂ ಉಳಿದಂತಾಯಿತು ಎಂದು ಹಿರಿಯರು ಒಪ್ಪಿದರು. ಬೆಳಿಗ್ಗೆ ಹೋದ ಆಳುಗಳ ದಾರಿ ಕಾಯುತ್ತ ವ್ಯಾಪಾರಿ ಅದೇ ದಂಡೆಯ ಮೇಲೆ ಕೂತ. ಊಟಕ್ಕೆ ಕರೆದರೆ ಏಳಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಳುಗಳು ಹಿಂತಿರುಗಿದರು. ಹೊರಸನ್ನು ತಲೆಯ ಮೇಲೆ ಎತ್ತಿಕೊಂಡು ನೀರಿಗಿಳಿದರು. ಅದರ ಮೇಲೆ ಯಾರೂ ಇರಲಿಲ್ಲ. ವ್ಯಾಪಾರಿ ಕೂತಲ್ಲಿಂದ ಎದ್ದು ನೀರಿನ ಅಂಚಿಗೆ ಬಂದ. ಎಲ್ಲ ಮುಗಿಯಿತೆಂದೇ ತಿಳಿದ.

“ಜೀವಂತ ಅದಾರ್ರಿ,” ಎಂದು ಆಳುಗಳಲ್ಲಿ ಹಿರಿಯನು ಮೊದಲು ಅದನ್ನೇ ಹೇಳಿದ. “ಬರಾಕ ಒಲ್ಲೆ ಅಂದ್ರು. ‘ಮಳಿ ಹತ್ತೈತಿ, ರಾತ್ರಿ ದಮ್ಮ ಬಂದ್ರ ನನಗ ನೀರ ಬೇಕಾಗತೈತಿ. ಅವನ ವ್ರತಾ ಕೆಡತೈತಿ. ಅದೊಂದ ಮುಗೀಲಿ, ಬರತೀನಿ’ ಅಂತ ಹೇಳಿ ಕಳಸ್ಯಾರು.”

ವ್ಯಾಪಾರಿ ಅಕ್ಕನನ್ನು ಕಳಿಸುವಾಗ ಆ ಕಾರಣವನ್ನು ಅವಳಿಗೆ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ತನಗೊಬ್ಬನಿಗೇ ಗೊತ್ತೆಂದು ತಿಳಿದಿದ್ದ. ಅವಳು ಅದನ್ನು ಅಂದೇ ತಿಳಿದುಕೊಂಡು, ಆತು ಬಿಡು ಎಂದು ಗಾಡಿ ಹತ್ತಿದ್ದಳು. ಜೀವ ಹೋಗುವಂತಿದ್ದಾಗಲೂ ಅವಳಿಗೆ ತನ್ನ ಉಸಿರಿಗಿಂತ ತಮ್ಮನ ವ್ರತ ದೊಡ್ಡದಾಗಿತ್ತು. ಅವನಿಗೆ ಇಷ್ಟು ದಿನ ಯಾವುದು ದೊಡ್ಡದಾಗಿತ್ತು ಎಂಬುದನ್ನು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಅವನು ಚಪ್ಪಲಿ ಬಿಟ್ಟ. ಧೋತರವನ್ನು ಎತ್ತಿ ಕಟ್ಟಿದ.

“ನಿಂದರ್ರಿ, ವ್ರತಾ ಮುರೀತೈತಿ. ಮುನಿಗಳನ್ನ ಒಂದ ಮಾತ ಕೇಳೂಣು,” ಎಂದರು ಒಬ್ಬ ಹಿರಿಯರು.

ಅವನು ನೀರಿಗಿಳಿದ. ಅವನಿಗೆ ಈಜು ಬರುತ್ತಿರಲಿಲ್ಲ. ಸೆಳೆತಕ್ಕೆ ಎರಡು ಸಲ ಕಾಲು ತಪ್ಪಿತು. ಆಳುಗಳು ಹೊರಸನ್ನು ಹೊತ್ತು ಮತ್ತೆ ಅವನ ಹಿಂದೆ ಇಳಿದರು. ಅವರಲ್ಲೊಬ್ಬ ಅವನ ರಟ್ಟೆ ಹಿಡಿದು ಆಚೆ ದಂಡೆಗೆ ಮುಟ್ಟಿಸಿದ.

ಅಕ್ಕ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿದಳು.

“ಹಳ್ಳ ದಾಟಿದೇನೋ ತಮ್ಮಾ?”

“ಹೂಂ ಅಕ್ಕಾ.”

“ಮತ್ತ ವ್ರತಾ?”

“ಮನಿಗೆ ನಡಿ,” ಎಂದ ಅವನು. ಅಷ್ಟು ಹೇಳುವುದರೊಳಗೆ ಅವನಿಗೆ ಅಳು ಬಂದಿತು. ಅವಳ ಹಾಸಿಗೆಯ ಪಕ್ಕದಲ್ಲಿ ಕೂತು, ಆಳುಗಳು ನೋಡುತ್ತಿದ್ದಾರೆಂಬುದನ್ನೂ ಲೆಕ್ಕಿಸದೆ ಅತ್ತ. ಅಕ್ಕ ಅವನ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ಬರಲೊಲ್ಲೆ ಎನ್ನಲಿಲ್ಲ.

ಹೊತ್ತು ಮುಳುಗುವ ಮೊದಲು ಅವಳನ್ನು ಮನೆಗೆ ತಂದರು. ಬಾವಿಗೆ ಹತ್ತಿರದ ಹಿತ್ತಲ ಪಡಸಾಲೆಯಲ್ಲಿ ಹೊರಸು ಹಾಕಿದರು. ರೋಗಿಗಳಿಗಿರುವ ವಿನಾಯಿತಿಯನ್ನು ಈಗ ಒಪ್ಪಿಕೊಂಡು, ರಾತ್ರಿ ಕೆಮ್ಮು ಬಂದಾಗ ಬಿಸಿನೀರನ್ನು ವ್ಯಾಪಾರಿಯೇ ಅವಳ ಬಾಯಿಗೆ ಹಿಡಿಯುತ್ತಿದ್ದ. ಬೆಳಿಗ್ಗೆ ಅವನು ತಾಮ್ರದ ತಂಬಿಗೆಯನ್ನು ಇಳಿಸುವಾಗ ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಕಣ್ಣು ಮಂಜಾದ ಮೇಲೆ ಅವಳು ಆ ಕೆಲಸವನ್ನು ಸಪ್ಪಳದ ಮೇಲೆಯೇ ಮಾಡುತ್ತಿದ್ದಳೆಂಬುದು ಅವನಿಗೆ ಆಗ ತಿಳಿಯಿತು. ಇವತ್ತು ನಡುವೆಯೇ ಬಾಗಿತು, ಇವತ್ತು ಸರಿಯಾಯಿತು ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದಳು. ಸರಿಯಾಯಿತೆಂದು ಅವಳು ಹೇಳಿದ ದಿನ ಅವನಿಗೆ ಉಪವಾಸದ ದಿನವೂ ಹೊಟ್ಟೆ ತುಂಬಿದ ಹಾಗಿರುತ್ತಿತ್ತು. ಜ್ವರ ಇಳಿಯಿತು. ಸೊಂಟ ಪೂರ್ತಿ ಸರಿಹೋಗಲಿಲ್ಲ, ಆದರೆ ದೀಪಾವಳಿಯ ಹೊತ್ತಿಗೆ ಕೋಲು ಹಿಡಿದು ಬಾವಿಕಟ್ಟೆಯವರೆಗೆ ಬರುವಷ್ಟಾದಳು.

ಊರಿನಲ್ಲಿ ಮಾತ್ರ ಅವನ ಹೆಸರು ಕೆಟ್ಟಿತ್ತು. ಅಷ್ಟು ತಯಾರಿ ಮಾಡಿ, ಅಷ್ಟು ಹೊಗಳಿಸಿಕೊಂಡು, ಕೊನೆಗೆ ಹಳ್ಳ ದಾಟಿ ವ್ರತ ಮುರಿದ ಎಂದು ಜನ ಆಡಿಕೊಂಡರು. ಅವನಿಗೂ ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಕಾರ್ತೀಕದ ಹುಣ್ಣಿಮೆ ಕಳೆದ ಮರುದಿನ, ಮುನಿಗಳು ಊರು ಬಿಟ್ಟು ಹೊರಡುವ ಮೊದಲು, ಅವರ ಮುಂದೆ ಹೋಗಿ ಕೈಮುಗಿದು ನಿಂತ.

“ಸ್ವಾಮಿ, ಎಲ್ಲಾ ನಿಯಮ ಪಾಳಸಿದೆ. ಭಾದ್ರಪದದಾಗ ಒಂದ ದಿನ ಹಳ್ಳ ದಾಟಿದೆ. ಪ್ರಾಯಶ್ಚಿತ್ತ ಕೊಡ್ರಿ.”

ಮುನಿಗಳು ನಡೆದದ್ದನ್ನೆಲ್ಲ ಮನೆಗೆ ಸುಣ್ಣ ಬಳಿಸಿದಲ್ಲಿಂದ ಹಿಡಿದು ಅವನ ಬಾಯಿಂದಲೇ ಹೇಳಿಸಿ ಕೇಳಿದರು. ಅವನು ಏನನ್ನೂ ಮುಚ್ಚಿಡಲಿಲ್ಲ. ಎಲ್ಲ ಕೇಳಿದ ಮೇಲೆ ಅವರು ಪ್ರಾಯಶ್ಚಿತ್ತ ಹೇಳಿದರು. ವ್ಯಾಪಾರಿ ತಲೆಬಾಗಿ ಒಪ್ಪಿಕೊಂಡು ಮನೆಗೆ ಹೋದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ಕಾಲು ನೀವಿಕೊಂಡರು.

ನೇಮಣ್ಣ ಚೀಟಿ ಹಿಡಿದುಕೊಂಡೇ ಕೇಳಿದ, “ಹಳ್ಳ ದಾಟಿದ್ದಕ್ಕ ಎಷ್ಟ ಉಪವಾಸ ಬಿದ್ದೂವ್ರಿ ಅವಗ?”

“ಅಕ್ಕ ಮನೆಯಿಂದ ಹೊರಗಿದ್ದ ಒಂದೊಂದು ದಿನಕ್ಕೂ ಒಂದೊಂದು ಉಪವಾಸ ಹೇಳಿದರು, ಹಳ್ಳ ದಾಟಿದ ಆ ಒಂದು ದಿನವನ್ನು ಮಾತ್ರ ಬಿಟ್ಟರು,” ಎಂದರು ಗುರುಗಳು.

ನೇಮಣ್ಣ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.